ಕೆದರಿದ ತಲೆಯ ಹಾಜರಿ

ನವೆಂಬರ್ 11, ಸೋಮವಾರ

ಬೆಳಗಿನ ಗುಳಿಗೆ ಆಯಿತು. ರೊಟ್ಟಿ, ಬದನೆಕಾಯಿ ಪಲ್ಯ ಆಯಿತು. ಬಸ್ಸಿನಲ್ಲಿ ಸೀಟು ಮಾತ್ರ ಆಗಲಿಲ್ಲ. ಬಬಲೇಶ್ವರದಿಂದ ವಿಜಯಪುರದವರೆಗೂ ಒಂದೇ ಕಂಬ ಹಿಡಿದು ನಿಂತೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸೀಟೂ ಪುಕ್ಕಟೆ ಅಂತ ಯಾರೂ ಹೇಳಿರಲಿಲ್ಲ.

ಹೊರಡುವಾಗ ನಳದ ಹತ್ತಿರ ಎದುರು ಮನೆಯ ಬೋರವ್ವ ಅವ್ವನನ್ನು ತಡೆದಳು.

“ಎಲ್ಲಿಗಿ ಹೊಂಟಾಳ ಸೀತಕ್ಕಾ ನಿನ್ನ ಮಗಳು? ಇಷ್ಟ ಮುಂಜಾನೆ ಬ್ಯಾಗ್ ಹಾಕ್ಕೊಂಡು?”

“ದವಾಖಾನಿಗಿ. ಇನ್ನ ಮ್ಯಾಲ ದಿನಾ ಹೋಗಬೇಕು.”

“ದಿನಾ?”

“ದಿನಾ ತಲಿಗೆ ಕರೆಂಟ್ ಕೊಡ್ತಾರವಾ ಅಕಿಗೆ.”

ಬೋರವ್ವ ಕೊಡ ಬಿಟ್ಟು ಕೈ ಮುಗಿದಳು. ಬಸ್ಸು ಬರುವವರೆಗೆ ನಗು ತಡೆದುಕೊಂಡೆ. ಬಸ್ಸು ಹತ್ತಿದ ಮೇಲೆ ನಗು ಬರಲೇ ಇಲ್ಲ.

ಎಂ.ಎ. ಕನ್ನಡ, ಮೊದಲ ಸೆಮಿಸ್ಟರ್, ಮೊದಲ ದಿನ. ನಲವತ್ತೆರಡರ ಹೆಂಗಸು ಕಾಟನ್ ಸೀರೆ ಉಟ್ಟು, ಪುಸ್ತಕ ಎದೆಗೊತ್ತಿಕೊಂಡು ಒಳಗೆ ಬಂದರೆ ಹುಡುಗರು ಏನು ತಿಳಿಯಬೇಕು? ಇಡೀ ಕ್ಲಾಸು ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಎಂದಿತು. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಸಿಟ್ ಡೌನ್” ಎಂದುಬಿಟ್ಟೆ. ಕುಳಿತರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಆಗ ಬಿದ್ದ ನಗೆಗೆ ಫ್ಯಾನೂ ತಿರುಗಿರಬೇಕು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ. “ಹಾಜರಿ ಪುಸ್ತಕದಾಗ ಹೆಸರು ಬರದಾರೇನು? ನಮ್ಮೂರವರ ಯಾರರ ಅದಾರೇನು ಅಲ್ಲಿ?” ಎಂದು ಕೇಳಿದಳು.

ಎಂ.ಎ. ನಮ್ಮ ಮನೆಯಲ್ಲಿ ಅದರ ವಿಸ್ತರಣೆ ಬೇರೆ. ಮನೋರೋಗಿ, ಅಧಿಕೃತ.

ನವೆಂಬರ್ 14, ಗುರುವಾರ

ಪಕ್ಕದ ಬೆಂಚಿನ ಹುಡುಗಿಯ ಹೆಸರು ಶಾಹೀನ. ಸೊಲ್ಲಾಪುರ ರಸ್ತೆಯಲ್ಲಿ ಅವಳ ಅಪ್ಪನ ವೆಲ್ಡಿಂಗ್ ಅಂಗಡಿ. ಬಾಯಲ್ಲೂ ಕಿಡಿ.

“ಅಕ್ಕಾ, ಕೈ ಯಾಕ ನಡಗ್ತಾವ್ರಿ ನಿಮ್ಮವು?”

“ವಯಸ್ಸು.”

“ನಮ್ಮ ಅಜ್ಜಿಗೆ ಎಂಬತ್ತು. ಸೂಜಿಗೆ ದಾರ ಪೋಣಿಸ್ತಾಳ್ರಿ.”

ಪೆನ್ನು ಕೆಳಗೆ ಬೀಳಿಸಿ ಹುಡುಕುತ್ತ ಕುಳಿತೆ, ಗಂಟೆ ಹೊಡೆಯುವವರೆಗೆ.

ಇಲ್ಲಿ ಬರೆಯುವುದಕ್ಕೇನು ನಾಚಿಕೆ. ಬರೆಯುತ್ತೇನೆ. ಬೈಪೋಲಾರ್. ಡಾಕ್ಟರು ಮೊದಲ ಸಲ ಬಿಡಿಸಿ ಹೇಳಿದಾಗ, ಒಮ್ಮೆ ಬಹಳ ಏರು, ಒಮ್ಮೆ ಬಹಳ ಇಳಿವು ಎಂದಿದ್ದರು. ಅವ್ವ ಕೇಳಿದ್ದಳು: “ನಡುವ ಒಂಚೂರ ಸಮಾ ಜಾಗಾ ಇಲ್ಲೇನ್ರಿ?” ಆ ಸಮಾ ಜಾಗದ ಹೆಸರೇ ಲಿಥಿಯಂ, ದಿನದ ಗುಳಿಗೆ. ಮೊಬೈಲಿನ ಬ್ಯಾಟರಿಯೂ ಅದರ ಮೇಲೇ ಓಡುತ್ತದೆ, ನಾನೂ. ಮೊಬೈಲಿನ ಕೈ ನಡುಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಗಂಡನ ಮನೆಯವರು ನನ್ನನ್ನು ಜೀಪಿನಲ್ಲಿ ತಂದು ಬಾಗಿಲ ಮುಂದೆ ಇಳಿಸಿ ಹೋದಾಗ ಇನ್ನೂ ಆನ್‌ಲೈನ್ ಶಾಪಿಂಗ್ ಬಂದಿರಲಿಲ್ಲ. ರಿಟರ್ನ್ ಪಾಲಿಸಿ ಬಂದಿತ್ತು.

ಸರ್ಕಾರದ ಮೆಡಿಕಲ್ ಬೋರ್ಡು ನನ್ನ ಕಾಯಿಲೆಗೆ ಕೊಟ್ಟ ಪರ್ಸೆಂಟೇಜು ನನ್ನ ಬಿ.ಎ. ಪರ್ಸೆಂಟೇಜಿಗಿಂತ ಜಾಸ್ತಿ. ರ‍್ಯಾಂಕ್ ಮಾತ್ರ ತಪ್ಪಿತು. ಆ ಪರ್ಸೆಂಟೇಜಿನ ಮೇಲೆ ತಿಂಗಳ ಮಾಸಾಶನ ಬರುತ್ತದೆ. ಗುಳಿಗೆ ಅದರಲ್ಲೇ, ಈಗ ಫೀಸೂ ಅದರಲ್ಲೇ. ಅವ್ವನ ಕೂಲಿ ಹೊಟ್ಟೆಗೆ ಸರಿಹೋಗುತ್ತದೆ.

ಕಾಲೇಜಿಗೆ ಹೋಗುವ ಸುದ್ದಿ ಹೊರಬಿದ್ದರೆ ಮಾಸಾಶನ ನಿಲ್ಲಿಸುತ್ತಾರೆ ಎಂದು ಅವ್ವನ ನಂಬಿಕೆ. ನನ್ನದೂ. ಯಾರನ್ನೂ ಕೇಳಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

ಹೀಗಾಗಿ ಊರಿಗೆ ನಾನು ಕಾಲೇಜಿನವಳಲ್ಲ, ಕಾಲೇಜಿಗೆ ನಾನು ರೋಗಿಯಲ್ಲ. ಪಿಸುಮಾತು ಗೋಡೆ ಸುತ್ತಿ ವಾಪಸ್ಸು ಬರುವುದಕ್ಕೆ ಹೆಸರಾದ ಪಟ್ಟಣದಲ್ಲಿ ಗುಟ್ಟು ಕಾಯಲು ಹೊರಟಿದ್ದೇನೆ.

ನವೆಂಬರ್ 19, ಮಂಗಳವಾರ

ಗುರುವಾರ ತಪಾಸಣೆಯಂತೆ. ಮಾಸಾಶನದವರೆಲ್ಲ ಸಮುದಾಯ ಭವನಕ್ಕೆ ಖುದ್ದು ಬರಬೇಕು. ಬದುಕಿದ್ದೇವೆಯೋ, ಇದ್ದರೆ ಹೇಳಿಕೊಂಡಷ್ಟು ಕೆಟ್ಟಿದ್ದೇವೆಯೋ ನೋಡುತ್ತಾರೆ.

ಸುದ್ದಿ ಕೇಳಿದ ಕೂಡಲೇ ಅವ್ವ ಗೂಡಿನಲ್ಲಿದ್ದ ತಲೆ ಬಾಚುವ ಹಣಿಗೆ ತೆಗೆದು ತನ್ನ ಟ್ರಂಕಿನೊಳಗಿಟ್ಟಳು.

“ಗುರುವಾರತನಾ ತಲಿ ತೊಳಕೋಬ್ಯಾಡ. ಎಣ್ಣಿ ಹಚ್ಚಬ್ಯಾಡ. ಹಣಿಗಿ ಮುಟ್ಟಬ್ಯಾಡ.”

“ನಾಳಿ ಕ್ಲಾಸ್ ಐತಿ ಬೇ.”

“ನಾಳಿ ರಜಾ ಹಾಕು. ಹೋದ ವರ್ಷ ಬಂದಾವ ಏನಂದ? ‘ಅಮ್ಮಾವ್ರು ಆರಾಮ ಅದಾರಲ್ಲ’ ಅಂದ. ಆರಾಮ ಅಂದನಂದ್ರ ತಿಳಕೋ, ಬಂದ್ ಆತಂತ.”

“ಆರಾಮ ಆಗೂದು ತಪ್ಪೇನ ಮತ್ತ?”

“ಆರಾಮ ಆಗು. ಕಾಣಬ್ಯಾಡ.”

ಅವ್ವ ಎಲ್ಲಿ ಓದಿದ್ದಾಳೋ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅರ್ಧ ಗಂಟೆ ಹಿಡಿಯುವುದನ್ನು ಎರಡು ಮಾತಿಗೆ ಮುಗಿಸುತ್ತಾಳೆ.

ಸಂಜೆ ತಾಲೀಮು. ಕೂದಲು ಮುಖದ ಮೇಲೆ ಎಳೆದುಕೊಂಡೆ, ಕಣ್ಣು ತಿರುಗಿಸಿದೆ, ನಾಲಿಗೆ ಚಾಚಿದೆ. ನನಗೇ ನಗು. ಬಿ.ಎ. ಓದುವಾಗ ಕಾಲೇಜಿನ ಗ್ಯಾದರಿಂಗಿನಲ್ಲಿ ಶೂರ್ಪನಖಿಯ ಪಾತ್ರ ಮಾಡಿ ಬಹುಮಾನ ತೆಗೆದುಕೊಂಡವಳು ನಾನು.

“ಕಣ್ಣ ಯಾಕ ಹಂಗ ತಿರುವತಿ?”

“ಹುಚ್ಚಿ ಹಂಗ ಮಾಡು ಅಂದಿ ನೀನ.”

“ನೀ ಎಂದೂ ಹಂಗ ಮಾಡಿಲ್ಲ.”

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ಗ್ವಾಡಿ ಕಡೆ ಮಾರಿ ಮಾಡಿ ಸುಮ್ನ ಕುಂದರತಿದ್ದಿ. ತುತ್ತು ಹಿಡದ್ರ ನನ್ನ ಕೈ ನೋಡತಿದ್ದಿ. ಅದು ಯಾರ ಕೈ ಅಂತ ಗೊತ್ತಿಲ್ಲದವರಂಗ.”

ಕೂದಲು ಹಿಂದಕ್ಕೆ ಹಾಕಿಕೊಂಡೆ. ತಾಲೀಮು ಮುಗಿಯಿತು.

ನವೆಂಬರ್ 21, ಗುರುವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ನನಗೆ ನಾನೇ ಬೇರೆ ರೀತಿ ಹೇಳಿಕೊಳ್ಳುತ್ತೇನೆ.

ಸಮುದಾಯ ಭವನ. ಗಾಲಿ ಕುರ್ಚಿ, ಕೋಲು, ಮಕ್ಕಳನ್ನು ಹೆಗಲಿಗೇರಿಸಿಕೊಂಡ ತಾಯಂದಿರು. ಟೇಬಲ್ಲಿನ ಹಿಂದೆ ಸಾಹೇಬ. ಕೆಟ್ಟವನಲ್ಲ. ಮುಂಜಾನೆಯಿಂದ ಕುಳಿತಿದ್ದಾನೆ, ಆಕಳಿಸುತ್ತಿದ್ದಾನೆ. ಹೊರಗೆ ಇನ್ನೂ ಅಷ್ಟು ಜನ.

ನನ್ನ ಸರದಿ ಬಂತು. ಹರಿದ ನೈಟಿ, ಮೇಲೆ ಅವ್ವನ ಹಳೆಯ ಟವೆಲ್ಲು. ಕೂದಲು ಮುಖದ ತುಂಬ. “ಹೆಸರೇನ್ರಿ?” ಎಂದ. ನಾನು ಅವನ ಕೈ ನೋಡಿದೆ. ಅದು ಯಾರ ಕೈ ಅಂತ ಗೊತ್ತಿಲ್ಲದವರ ಹಾಗೆ. ಅವ್ವ ಮೊನ್ನೆ ಹೇಳಿದ್ದನ್ನೇ ಬಳಸಿದೆ. ಅವ್ವ ನನ್ನ ಪಕ್ಕದಲ್ಲಿ ಉಸಿರು ಹಿಡಿದದ್ದು ಗೊತ್ತಾಯಿತು.

“ಆತು, ಆತು. ಕರಕೊಂಡ ಹೋಗ್ರಿ ಪಾಪ” ಎಂದ. ಟಿಕ್ ಹಾಕಿದ. ನಾವು ಗೋಡೆ ಪಕ್ಕ ಕುಳಿತೆವು, ಕಾರ್ಡು ವಾಪಸ್ಸು ಕೊಡುವವರೆಗೆ.

ನಮ್ಮ ಹಿಂದೆಯೇ ಕೆಳಗಿನ ಓಣಿಯ ರೇಣವ್ವ, ಮಗಳು ಪರಸವ್ವ. ಪರಸವ್ವನಿಗೆ ಇಪ್ಪತ್ತಾರು. ಹದಿನಾರಕ್ಕೇ ಅವಳ ಕಿವಿಯಲ್ಲಿ ಯಾರ್ಯಾರೋ ಮಾತಾಡಲು ಶುರು ಮಾಡಿದರು, ಇನ್ನೂ ನಿಲ್ಲಿಸಿಲ್ಲ. ಊರಿಗೆಲ್ಲ ಗೊತ್ತು. ಆದರೆ ರೇಣವ್ವನ ಪದ್ಧತಿಯೇ ಬೇರೆ. ಸರ್ಕಾರದವರ ಮುಂದೆ ಹೋಗುವುದೆಂದರೆ ಅವಳಿಗೆ ಮದುವೆಮನೆಗೆ ಹೋದ ಹಾಗೆ. ಮಗಳಿಗೆ ಎರೆದು, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ಅಬ್ಬಲಿಗೆ ಹೂ ಮುಡಿಸಿ, ಇಸ್ತ್ರಿ ಮಾಡಿದ ಚೂಡಿದಾರ ತೊಡಿಸಿ ತಂದಿದ್ದಳು.

“ಹೆಸರೇನವಾ?”

“ಪರಸವ್ವ್ರಿ.”

“ಊಟ ಆತೇನು?”

“ಆತ್ರಿ. ನಿಮ್ದು?”

ಭವನದವರೆಲ್ಲ ನಕ್ಕರು. ಸಾಹೇಬನೂ ನಕ್ಕ. “ಈಕಿಗೇನಾಗೇತ್ರಿ? ನನಗಿಂತ ಶ್ಯಾಣ್ಯಾ ಅದಾಳ.”

“ಇಲ್ರಿ ಸಾಹೇಬ್ರ, ಮನ್ಯಾಗ ನೋಡ್ರಿ ನೀವು, ಒಮ್ಮೊಮ್ಮಿ ಅಕಿ…”

“ಮನಿಮನಿಗಿ ಬಂದು ನೋಡಾಕ ಆಗತೈತೇನಬೇ?” ಪೆನ್ನು ಎತ್ತಿ ನನ್ನ ಕಡೆ ತೋರಿಸಿದ. “ಪೇಶಂಟ್ ಅಂದ್ರ ಅಲ್ನೋಡ್ರಿ. ಹಂಗಿರತಾರ. ಈಕಿ ಮಾಸಾಶನ ಸದ್ಯಕ್ಕ ಹೋಲ್ಡ್. ಮುಂದ ನೋಡೂಣು.”

ರೇಣವ್ವ ತಿರುಗಿ ನನ್ನನ್ನು ನೋಡಿದಳು. ಪರಸವ್ವನೂ. ಪರಸವ್ವನಿಗೆ ಭವನ ಯಾಕೆ ನಕ್ಕಿತೋ ತಿಳಿದಿರಲಿಲ್ಲ, ಅವಳೂ ನಗುತ್ತಿದ್ದಳು.

ಆಗ ಎದ್ದು ಒಂದು ಮಾತು ಹೇಳಬಹುದಿತ್ತು. ನನಗೆ ಮಾತು ಬರುತ್ತದೆ. ಎಂ.ಎ. ಕನ್ನಡ. ಕೂದಲ ಹಿಂದಿನಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಅವ್ವ ನನ್ನ ತೋಳು ಒತ್ತಿ ಹಿಡಿದಳು. ಹಿಡಿಯುವ ಅಗತ್ಯವೇ ಇರಲಿಲ್ಲ. ನಾನು ಏಳುವವಳಾಗಿರಲಿಲ್ಲ.

ನವೆಂಬರ್ 22, ಶುಕ್ರವಾರ

ಅವ್ವ ಟ್ರಂಕಿನಿಂದ ಹಣಿಗೆ ತೆಗೆದು ಕೊಟ್ಟಳು. ಗೂಡಿನಲ್ಲೇ ಇಟ್ಟೆ.

ನವೆಂಬರ್ 30, ಶನಿವಾರ

ಕ್ಲಾಸಿಗೆ ಹೋಗಿಲ್ಲ. ಶಾಹೀನಳ ಮಿಸ್ಡ್ ಕಾಲುಗಳು. ನೋಡುತ್ತೇನೆ. ಎತ್ತುವುದಿಲ್ಲ.

ಇನ್ನೂ ತಲೆ ತೊಳೆದಿಲ್ಲ. ಈಗ ಯಾರೂ ತಪಾಸಣೆಗೆ ಬರುವವರಿಲ್ಲ. ಆದರೂ.

ಅವ್ವ ತಟ್ಟೆ ಹಿಡಿದು ಕುಳಿತಿದ್ದಳು. ಎಷ್ಟು ಹೊತ್ತೋ.

ಸಾಹೇಬ ಸರಿಯಾಗಿಯೇ ಟಿಕ್ ಹಾಕಿದ್ದಾನೆ. ಮುಂಗಡವಾಗಿ.

ಡಿಸೆಂಬರ್ 3, ಮಂಗಳವಾರ

ಅವ್ವ ನಿನ್ನೆ ಹಿತ್ತಲಿನಲ್ಲಿ ಕೂರಿಸಿ ಎರೆದಳು. ಬಿಸಿ ನೀರು, ಸೀಗೆಕಾಯಿ. ಕೂದಲು ಸಿಕ್ಕುಗಟ್ಟಿತ್ತು. ಬಿಡಿಸುತ್ತ ಬೈದಳು. ಬೈಯುತ್ತ ಅತ್ತಳು. ಅಳು ಕೇಳಿಸದಿರಲಿ ಎಂದು ಮತ್ತೊಂದು ತಂಬಿಗೆ ಸುರಿದಳು.

ಇವತ್ತು ವಿಜಯಪುರಕ್ಕೆ, ಸ್ಟೇಷನ್ ರಸ್ತೆಯ ಡಾಕ್ಟರ ಹತ್ತಿರ. ಗುಳಿಗೆ ಬದಲಿಸಿದರು. ರಕ್ತ ತೆಗೆದರು. ಎದ್ದು ಬಾಗಿಲ ಹತ್ತಿರ ನಿಂತು, ಬೇರೆ ಯಾರದೋ ಸುದ್ದಿ ಎನ್ನುವಂತೆ ಕೇಳಿದೆ: “ಸರ್, ಮಾಸಾಶನ ಇದ್ದವರು ಯುನಿವರ್ಸಿಟಿಯೊಳಗ ಓದಬಹುದೇನ್ರಿ?”

“ಓದಬಾರದು ಅಂತ ಎಲ್ಲಿ ಬರದೈತ್ರಿ? ಓದ್ರಿ. ನಿಮಗ ಫೀಸಿನ್ಯಾಗೂ ಏನರ ರಿಯಾಯಿತಿ ಸಿಗಬಹುದು, ಆಫೀಸಿನ್ಯಾಗ ಕೇಳ್ರಿ.” ಮತ್ತೆ ನಕ್ಕು ಅಂದರು: “ಸರ್ಟಿಫಿಕೇಟ್ ಕಾಯಿಲೆಗೆ ಕೊಟ್ಟದ್ದು. ನೀವು ಮನ್ಯಾಗ ಕುಂತದ್ದಕ್ಕ ಅಲ್ಲ.”

ಇಷ್ಟೇ. ಇಷ್ಟು ಸುಲಭ. ಯಾವತ್ತೋ ಕೇಳಬಹುದಿತ್ತು. ಕೇಳಿದ್ದರೆ ಹಣಿಗೆ ಟ್ರಂಕಿಗೆ ಹೋಗುತ್ತಿರಲಿಲ್ಲ, ಪರಸವ್ವ ಹೋಲ್ಡಿಗೆ ಹೋಗುತ್ತಿರಲಿಲ್ಲ.

ಓದಿದ್ದಕ್ಕೆ ನಿಲ್ಲಿಸುವುದಿಲ್ಲ, ಸರಿ. ನಾಟಕ ಮಾಡಿದ್ದಕ್ಕೆ? ಅದನ್ನು ಕೇಳಲು ಬಾಯಿ ಬರಲಿಲ್ಲ.

ಡಿಸೆಂಬರ್ 5, ಗುರುವಾರ

ಕ್ಲಾಸಿಗೆ ಹೋದೆ. ಯಾರೂ ಎದ್ದು ನಿಲ್ಲಲಿಲ್ಲ. ಪ್ರಗತಿ.

ಶಾಹೀನ ಕ್ಯಾಂಟೀನಿನಲ್ಲಿ ಹಿಡಿದು ಕೂರಿಸಿದಳು. ಚುರುಮುರಿ ತರಿಸಿದಳು. “ಎಲ್ಲಿ ಹೋಗಿದ್ರಿ ಅಕ್ಕಾ?”

ಹೇಳಿಬಿಟ್ಟೆ. ಕಾಯಿಲೆ, ಲಿಥಿಯಂ, ಕೈ ನಡುಕ, ಎಲ್ಲ. ಸಮುದಾಯ ಭವನ ಒಂದನ್ನು ಬಿಟ್ಟು. ಹೇಳುತ್ತ ತಟ್ಟೆಯ ಶೇಂಗಾ ಒಂದೊಂದೇ ಆರಿಸಿ ಪಕ್ಕಕ್ಕಿಟ್ಟೆ. ಅವಳು ಬಾಯಿ ತೆರೆದು ನೋಡುತ್ತಿದ್ದಳು. ಮುಗಿಯಿತು, ಇನ್ನು ಬೇರೆ ಬೆಂಚಿಗೆ ಹೋಗುತ್ತಾಳೆ ಎಂದುಕೊಂಡೆ.

“ಅಷ್ಟ ಏನ್ರಿ? ಯಾ ಅಲ್ಲಾ! ನೀವು ಕುಡೀತೀರಿ ಅಂತ ತಿಳ್ಕೊಂಡಿದ್ನಿ ನಾ!”

“ಏನು?”

“ಕೈ ನಡಗ್ತಾವ, ಹೊತ್ತಿಗೊಮ್ಮಿ ನೀರ್ ಕುಡೀತೀರಿ, ಸೋಮವಾರ ಕಣ್ಣ ಬಾತಿರ್ತಾವ. ಇಡೀ ಕ್ಲಾಸ್ ಹಂಗ ತಿಳ್ಕೊಂಡೈತಿ ಅಕ್ಕಾ. ಹಿಂದಿನ ಬೆಂಚಿನ ಹುಡುಗ್ರು ನಿಮಗ ‘ಕ್ವಾರ್ಟರ್ ಮೇಡಂ’ ಅಂತಾರ.”

ಮನೋರೋಗಿ ಎಂದು ತಿಳಿಯಬಾರದೆಂದು ಇಷ್ಟು ದಿನ ಒದ್ದಾಡಿ, ಕುಡುಕಿ ಎಂದು ಹೆಸರು ಮಾಡಿದೆ. ನಕ್ಕೆ. ಬಹಳ ನಕ್ಕೆ. ಇಷ್ಟು ನಗುವುದು ಏರಿನ ಲಕ್ಷಣವೋ ಏನೋ ಎಂದು ಅನುಮಾನ ಬಂದು ನಿಲ್ಲಿಸಿದೆ. ನನ್ನ ನಗೆಗೂ ತಪಾಸಣೆ ಬೇಕು.

ಬರುವಾಗ ಬಸ್ಸಿನ ಕಿಟಕಿಯಿಂದ ರೇಣವ್ವ ಕಂಡಳು. ಯಾರದೋ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ಒಬ್ಬಳು ಕುಳಿತಿದ್ದಳು. ಪರಸವ್ವನೇ ಇರಬೇಕು. ನಾನು ಆಚೆ ಮುಖ ಮಾಡಿದೆ. ಶಾಹೀನಳಿಗೆ ಹೇಳದೆ ಬಿಟ್ಟದ್ದು ಆಚೆ ಕಿಟಕಿಯಲ್ಲೂ ಇತ್ತು.

ಡಿಸೆಂಬರ್ 9, ಸೋಮವಾರ

ಸಂಜೆ ಬಸ್ಸಿಳಿದು ಬಂದರೆ ನಮ್ಮ ಕಟ್ಟೆಯ ಮೇಲೆ ರೇಣವ್ವ. ಪಕ್ಕದಲ್ಲಿ ಪರಸವ್ವ. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಸುಮಾ, ಗುರುವಾರ ತಿಕೋಟಾದಾಗ ಮತ್ತೊಂದು ಕ್ಯಾಂಪ್ ಐತಂತವಾ. ಹೋಲ್ಡ್ ಆದವರಿಗೆ. ಅವತ್ತಿನ ಸಾಹೇಬನ ಬರ್ತಾನಂತ.”

“ಹೂಂ ಅತ್ತಿ.”

“ನೀ ಅವತ್ತ ಹೆಂಗ ಕುಂತಿದ್ದೆಲ್ಲ… ಹಂಗ ಕುಂದ್ರೂದು ನಮ್ಮ ಪರಸಿಗೆ ಒಂಚೂರ ಕಲಿಸಿಕೊಡು. ನೀ ಕಲತಾಕಿ ಅದಿ.”

ಅವ್ವ ಒಳಗೆ ರೊಟ್ಟಿ ಬಡಿಯುವುದು ನಿಂತಿತು.

“ತಪ್ಪ ತಿಳೀಬ್ಯಾಡ” ಎಂದಳು ರೇಣವ್ವ. “ನಾ ಯಾರ ಮುಂದೂ ಹೇಳಂಗಿಲ್ಲ. ಎಲ್ಲಾರಿಗೂ ಹೊಟ್ಟಿ ಐತಿ. ತಪ್ಪು ನಂದ. ನಾಕ ಮಂದ್ಯಾಗ ಹೋಗೂ ಹುಡುಗಿ, ನೆಟ್ಟಗ ಕಾಣಲಿ ಅಂತ ಜಡಿ ಹಾಕಿ, ಹೂ ಮುಡಿಸಿ… ನನಗ ಬುದ್ಧಿ ಇಲ್ಲ. ಅವತ್ತಿಂದ ಅಕಿ ತಲಿಗೆ ಹಣಿಗಿ ಮುಟ್ಟಿಸಿಲ್ಲ ನೋಡು. ಆದ್ರೂ ನಿನ್ನಂಗ ಆಗವಲ್ದು.”

ಪರಸವ್ವನ ತಲೆ ನೋಡಿದೆ. ನೋಡಲಾಗಲಿಲ್ಲ. ಅವಳು ಮುಷ್ಟಿಯಲ್ಲಿ ಎರಡು ರಿಬ್ಬನ್ನು ಹಿಡಿದಿದ್ದಳು. ನನ್ನ ಸೆರಗು ಹಿಡಿದು ಜಗ್ಗಿದಳು.

“ಅಕ್ಕಾ, ಜಡಿ ಹಾಕ್ತಿಯೇನು? ಅವ್ವ ಒಲ್ಲೆ ಅಂತಾಳ. ತಲಿ ಬಿಚ್ಚಿದ್ರ ಅವರೆಲ್ಲಾರೂ ಒಳಗ ಬರ್ತಾರ. ಜಡಿ ಹಾಕಿದ್ರ ಬಾಗಲಾ ಹಾಕಿದಂಗ.”

ನಾಟಕ ಕಲಿಸು ಎಂದು ಕೇಳುತ್ತಿದ್ದಾರೆ ನನ್ನನ್ನು. ಬಾಗಿಲು ತೆಗೆದು ಕೂರಿಸುವುದನ್ನು ಕಲಿಸು ಎಂದು. ನನ್ನ ನಟನೆ ನೋಡಿ ಒಬ್ಬ ತಾಯಿ ಮಗಳ ತಲೆ ಬಾಚುವುದನ್ನು ಬಿಟ್ಟಿದ್ದಾಳೆ. ಬಹುಮಾನ ಅಂದರೆ ಇದು.

ಒಳಗೆ ಹೋಗಿ ಹಣಿಗೆ, ಕೊಬ್ಬರಿ ಎಣ್ಣೆ ತಂದೆ. ಪರಸವ್ವನನ್ನು ಮುಂದೆ ಕೂರಿಸಿಕೊಂಡೆ. ಗಂಟು ಬಿಡಿಸಲು ಬಹಳ ಹೊತ್ತಾಯಿತು, ನನ್ನ ಕೈ ಬೇರೆ ಹೀಗೆ. ಜಡೆ ಸೊಟ್ಟಗಾಯಿತು. ಪರಸವ್ವ ಮುಟ್ಟಿ ನೋಡಿಕೊಂಡು ದೊಡ್ಡ ಉಸಿರು ಬಿಟ್ಟಳು.

ರೇಣವ್ವ ಗಾಬರಿಯಾಗಿ ನೋಡುತ್ತಿದ್ದಳು. “ಹಿಂಗ ಹ್ವಾದ್ರ ಮತ್ತ ವಾಪಸ್ ಕಳಸ್ತಾನಲ್ಲವಾ!”

“ನಾನೂ ಬರ್ತೀನಿ ಅತ್ತಿ. ಜಡಿ ಹಾಕ್ಕೊಂಡ. ಅವತ್ತ ಕುಂತಾಕಿ ನಾನ ಅಂತ ಹೇಳ್ತೀನಿ.”

ಅವರು ಹೋದ ಮೇಲೆ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ನಿಂದೂ ಬಂದ್ ಮಾಡಿದ್ರ?”

“ಮಾಡ್ಲಿ.”

“ಮಾಡ್ಲಿ ಅಂತ! ಗುಳಗಿ ಯಾರ ಕೊಡ್ತಾರ ಲೇ? ನಿಮ್ಮ ಯುನಿವರ್ಸಿಟಿ ಕೊಡತೈತೇನು? ಆ ಗುಳಗಿ ನಿಂತ್ರ ಏನಾಗತೈತಿ ಅಂತ ನಿನಗ ಗೊತ್ತಿಲ್ಲ. ನನಗ ಗೊತ್ತೈತಿ. ನೀ ಇರಂಗಿಲ್ಲ ಆವಾಗ. ನಾ ಇರ್ತೀನಿ.”

ಅವ್ವ ಹೇಳಿದ್ದು ನಿಜ. ನಾನು ಮಾಡಿದ್ದೂ ನಿಜ.

ಡಿಸೆಂಬರ್ 11, ಬುಧವಾರ

ಕ್ಲಾಸಿನಲ್ಲಿ ಮೇಷ್ಟ್ರು ವಚನ ಓದಿಸಿದರು. ನನ್ನ ಸರದಿ ಬಂದಾಗ ಅಕ್ಷರ ಕಾಣಲಿಲ್ಲ. ನಾಳೆಯ ಟೇಬಲ್ಲೇ ಕಾಣುತ್ತಿತ್ತು.

ಶಾಹೀನಳಿಗೆ ಸಮುದಾಯ ಭವನದ ಕಥೆಯನ್ನೂ ಹೇಳಿದೆ. ಈ ಸಲ ಅವಳು ‘ಅಷ್ಟ ಏನ್ರಿ’ ಅನ್ನಲಿಲ್ಲ. “ಇದು ಛಲೋ ಮಾಡಿಲ್ರಿ ಅಕ್ಕಾ” ಎಂದಳು. ಬೇರೆ ಬೆಂಚಿಗೆ ಮಾತ್ರ ಹೋಗಲಿಲ್ಲ.

ಅವ್ವ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ.

ಡಿಸೆಂಬರ್ 12, ಗುರುವಾರ. ತಿಕೋಟಾ, ಮಧ್ಯಾಹ್ನ

ಶಾಲೆಯೊಂದರ ವರಾಂಡ. ಬೆಂಚು ಮಕ್ಕಳದು, ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಕೈಗೆ ಕೆಲಸ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಅವ್ವ ಬರುವುದಿಲ್ಲ ಎಂದಿದ್ದಳು. ಬೆಳಿಗ್ಗೆ ನನ್ನ ಹಿಂದೆ ಬಂದು ನಿಂತು, ಮಾತಿಲ್ಲದೆ ನನ್ನ ಜಡೆ ಬಿಚ್ಚಿ, ಬಿಗಿಯಾಗಿ ಮತ್ತೆ ಹಾಕಿದಳು. ನೋವಾಗುವಷ್ಟು ಬಿಗಿ. ಬಸ್ ಸ್ಟ್ಯಾಂಡಿನವರೆಗೂ ಬಂದಳು. ನಳದ ಹತ್ತಿರ ಬೋರವ್ವ ಕೇಳಿದಳು, “ದವಾಖಾನಿಗೇನು?” ಅವ್ವ, “ಅಲ್ಲ. ಅಕಿ ಕಾಲೇಜ್ ಕಲ್ಯಾಕತ್ತಾಳ” ಎಂದಳು. ಎಂದು, ಏನೋ ಕಳವು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ನಡೆದಳು.

ಕಾಟನ್ ಸೀರೆ ಉಟ್ಟಿದ್ದೇನೆ. ಯುನಿವರ್ಸಿಟಿಯ ಐಡಿ ಕಾರ್ಡು ಕೊರಳಿಗೆ. ಕಾಯಿಲೆಯ ಕಾರ್ಡು ಕೈಯಲ್ಲಿ. ಫೋಟೋ ಎರಡರಲ್ಲೂ ನನ್ನದೇ.

ಪರಸವ್ವನಿಗೆ ರೇಣವ್ವ ಹೂ ಮುಡಿಸಿಲ್ಲ. ಧೈರ್ಯ ಸಾಲಲಿಲ್ಲವಂತೆ. ಜಡೆ ಮಾತ್ರ ಬಿಚ್ಚದೆ ಬಿಟ್ಟಿದ್ದಾಳೆ.

“ಅಕ್ಕಾ, ನಿನಗ ಅಂಜಿಕಿ ಬರಾಕತ್ತೇತೇನು?” ಪರಸವ್ವ ಕೇಳುತ್ತಿದ್ದಾಳೆ.

“ಹೂಂ.”

“ನನಗೂ. ಅವರು ಭಾಳ ಒದರಾಕತ್ತಾರ ಇವತ್ತ.”

“ಏನಂತಾರ?”

“ಎದ್ದ ಓಡು ಅಂತಾರ.”

ನನ್ನ ತಲೆಯೊಳಗಿನವಳೂ ಅದನ್ನೇ ಅನ್ನುತ್ತಿದ್ದಾಳೆ. ಅವಳಿಗೆ ಬೇರೆ ಹೆಸರಿಲ್ಲ. ಅವಳ ಹೆಸರೂ ಸುಮಂಗಲಾ.

ಸಾಹೇಬನ ಧ್ವನಿ ಕೇಳುತ್ತಿದೆ. ಅವನೇ. ಆಕಳಿಕೆಯೂ ಅದೇ. ನನ್ನನ್ನು ಗುರುತು ಹಿಡಿಯುವುದಿಲ್ಲ, ನಾನೇ ಹೇಳಬೇಕು. ಹೇಗೆ ಶುರು ಮಾಡುವುದು? ‘ಸಾಹೇಬ್ರ, ಅವತ್ತ ನೀವು ಬೊಟ್ಟು ಮಾಡಿ ತೋರಿಸಿದಾಕಿ…’ ಬೇಡ. ‘ನನಗ ಕಾಯಿಲೆ ಇರೂದು ಖರೇ, ಅವತ್ತ ಮಾಡಿದ್ದು ಸುಳ್ಳು.’ ಹೀಗೆ. ಇಷ್ಟೇ. ಜೋಕು ಬೇಡ. ದೇವರೇ, ಜೋಕು ಮಾತ್ರ ಬಾಯಿಗೆ ಬರದಿರಲಿ.

ಬಾಗಿಲಿಗೆ ಜವಾನ ಬಂದ. ನಮ್ಮಿಬ್ಬರ ಜಡೆ, ಸೀರೆ, ಚೂಡಿದಾರ ಎಲ್ಲ ನೋಡಿ ರೇಣವ್ವನನ್ನು ಕೇಳುತ್ತಿದ್ದಾನೆ: “ಇವರಿಬ್ಬರೊಳಗ ಪೇಶಂಟ್ ಯಾರಬೇ?”

ರೇಣವ್ವ ನನ್ನ ಮುಖ ನೋಡುತ್ತಿದ್ದಾಳೆ. ಏಳುತ್ತೇನೆ. ಇಬ್ಬರೂ ಅಂತ ಹೇಳುತ್ತೇನೆ.